ಮೂಗಿನ ದುರ್ಮಾಂಸ: ಸ್ಪ್ರೇ, ಮಾತ್ರೆ, ಆಪರೇಷನ್, ಇಂಜೆಕ್ಷನ್ – ಯಾವುದು ಯಾರಿಗೆ?

ಒಲೆ ಮೇಲೆ ಬೇಳೆ ತಳ ಹತ್ತಿತ್ತು. ನಾನು ಅಡುಗೆಮನೆ ಬಾಗಿಲಲ್ಲೇ ಕೂತು ಲೆಕ್ಕದ ಪುಸ್ತಕ ನೋಡುತ್ತಿದ್ದೆ. ಹಿತ್ತಲಿಂದ ಓಡಿ ಬಂದ ಹೆಂಡತಿ ಗ್ಯಾಸ್ ಆರಿಸಿ, "ಬ್ಯಾಳಿ ಹತ್ಯಾದ, ವಾಸನಿ ಬರಲಿಲ್ಲೇನ್ರೀ?" ಅಂದಳು. ಬಂದಿರಲಿಲ್ಲ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ತೊಗರಿ ವಾಸನೆಯಲ್ಲೇ ಹೊತ್ತು ಹೋಗುತ್ತೆ. ಆ ವಾಸನೆ ಯಾವಾಗ ನಿಂತುಹೋಯಿತು ಅನ್ನೋದೇ ನನಗೆ ತಿಳಿದಿರಲಿಲ್ಲ.

ಅದಕ್ಕೂ ಮುಂಚೆ ಎರಡು ವರ್ಷ "ನೆಗಡಿ" ಅಂತಲೇ ನಡೆದಿತ್ತು. ಐದು ಸಲ ಆಂಟಿಬಯೋಟಿಕ್ ನುಂಗಿದ್ದೆ. ಮೂಗು ಬಿಡಿಸುವ ಡ್ರಾಪ್ಸ್ ಅಂಗಿ ಜೇಬಿನಲ್ಲೇ ಇರುತ್ತಿತ್ತು. ಕೊನೆಗೆ ಇಎನ್‌ಟಿ ಡಾಕ್ಟರು ಮೂಗಿನೊಳಗೆ ದುರ್ಬೀನು (ಎಂಡೋಸ್ಕೋಪ್) ಹಾಕಿ ನೋಡಿದರು. ಎರಡೂ ಕಡೆ ದುರ್ಮಾಂಸ, ಅವರ ಮಾತಲ್ಲಿ ಪಾಲಿಪ್.

ಆಮೇಲೆ ಶುರುವಾಯಿತು ನೋಡಿ ಸಲಹೆಗಳ ಸಂತೆ. ಒಬ್ಬರು ಸೊಲ್ಲಾಪುರಕ್ಕೆ ಹೋಗಿ ಕತ್ತರಿಸಿಕೊಂಡು ಬಾ ಅಂದರು. ಇನ್ನೊಬ್ಬರು ಆಪರೇಷನ್ ಬೇಡವೇ ಬೇಡ, ಮತ್ತೆ ಬರುತ್ತೆ ಅಂದರು. ಮತ್ತೊಬ್ಬರು ಮೂಗಿಗೆ ಎಣ್ಣೆ ಹಾಕು ಅಂದರು. ಎಲ್ಲರ ಮಾತಲ್ಲೂ ಸ್ವಲ್ಪ ನಿಜ ಇತ್ತು. ಯಾರಿಗೆ ಯಾವುದು ಅನ್ನೋದನ್ನ ಮಾತ್ರ ಯಾರೂ ಹೇಳಲಿಲ್ಲ.

ಮೂರು ವರ್ಷದಲ್ಲಿ ನಾನು ಕಲಿತದ್ದು ಒಂದೇ ಲೆಕ್ಕ. ದುರ್ಮಾಂಸ ಅನ್ನೋದು ಕಾಯಿ. ಬೇರು ಇರೋದು ಮೂಗಿನ ಒಳಪೊರೆಯ ಬಾವಿನಲ್ಲಿ. ಕಾಯಿ ಕಿತ್ತರೂ ಬೇರು ಅಲ್ಲೇ ಇರುತ್ತೆ. ಹಾಗಾಗಿ ಯಾವ ಚಿಕಿತ್ಸೆ ಬಗ್ಗೆ ಯಾರು ಹೇಳಿದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಔಷಧಿ ಬಾವು ಇರುವ ಜಾಗಕ್ಕೆ ಮುಟ್ಟುತ್ತಾ? ಎಷ್ಟು ದಿನ ತಡೆಯುತ್ತೆ? ದಿನಾ ಮಾಡೋಕೆ ನನ್ನ ಕೈಲಾಗುತ್ತಾ?

ಮೊದಲು ಅದು ದುರ್ಮಾಂಸ ಹೌದೋ ಅಲ್ವೋ

ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, "ಮಾಂಸ ಬೆಳೆದಿದೆ" ಅಂತ ಗಾಬರಿ ಆಗುವವರು ಬಹಳ. ಕಾಣೋದು ಕೆಂಪಗಿದ್ದು, ಮುಟ್ಟಿದರೆ ನೋಯುತ್ತಿದ್ದರೆ ಅದು ಹೆಚ್ಚಾಗಿ ಟರ್ಬಿನೇಟ್. ಎಲ್ಲರ ಮೂಗಿನಲ್ಲೂ ಇರುವಂಥದ್ದೇ, ಸ್ವಲ್ಪ ಊದಿಕೊಂಡಿರುತ್ತೆ ಅಷ್ಟೇ. ದುರ್ಮಾಂಸದ ಬಣ್ಣ ಬೇರೆ. ಡಾಕ್ಟರು ಪರದೆಯಲ್ಲಿ ತೋರಿಸಿದಾಗ ನನಗೆ ನೆನಪಾಗಿದ್ದು ಉಪವಾಸದ ದಿನ ನೆನೆಹಾಕಿದ ಸಾಬೂದಾನಿ. ಅದೇ ಬಿಳಿಚು ಬೂದು, ಅದೇ ಹೊಳಪು, ಗಾತ್ರ ಮಾತ್ರ ಸಿಪ್ಪೆ ಸುಲಿದ ದ್ರಾಕ್ಷಿಯಷ್ಟು. ಮುಟ್ಟಿದರೂ ನೋವೇ ಆಗಲಿಲ್ಲ.

ಮೂಗು ಕಟ್ಟೋದು, ಸುರಿಯೋದು ಅಥವಾ ಗಂಟಲಿಗೆ ಇಳಿಯೋದು, ಮುಖ ಭಾರ, ವಾಸನೆ ಹೋಗೋದು – ಇದರಲ್ಲಿ ಕನಿಷ್ಠ ಎರಡು, ಅದರಲ್ಲೂ ಮೊದಲೆರಡರಲ್ಲಿ ಒಂದಾದರೂ, 12 ವಾರ ದಾಟಿ ಇದ್ದರೆ ಅದು ಸೈನಸ್‌ನ, ಅಂದರೆ ಮೂಗಿನ ಸುತ್ತಲ ಮೂಳೆಯೊಳಗಿನ ಟೊಳ್ಳು ಕೋಣೆಗಳ, ಹಳೆಯ ಬಾವು. ಜೊತೆಗೆ ದುರ್ಬೀನು ಇಲ್ಲವೇ ಸಿಟಿ ಸ್ಕ್ಯಾನ್‌ನಲ್ಲಿ ಅದು ಕಾಣಬೇಕು. ಸಾಮಾನ್ಯ ಎಕ್ಸ್‌ರೇ ನೋಡಿ ಯಾರಾದರೂ ತೀರ್ಮಾನ ಹೇಳಿದರೆ ಒಪ್ಪಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತೆ. ಒಂದೇ ಹೊಳ್ಳೆಯಲ್ಲಿ ಗಡ್ಡೆ, ಒಂದೇ ಕಡೆಯಿಂದ ರಕ್ತ, ಕಣ್ಣು ಮುಂದಕ್ಕೆ ಬಂದಂತೆ ಕಾಣೋದು, ಒಂದು ಎರಡಾಗಿ ಕಾಣೋದು – ಇವು ಬೇರೆ ದಾರಿಯ ಕೇಸುಗಳು. ಮಕ್ಕಳಲ್ಲಿ ಪಾಲಿಪ್ ಕಂಡರೂ ಹಾಗೇ. ಅಂಥವರು ಕೆಳಗಿನ ಹೋಲಿಕೆ ಓದುತ್ತಾ ಕೂರದೆ ನೇರ ಡಾಕ್ಟರ ಹತ್ತಿರ ಹೋಗಬೇಕು.

ಉಪ್ಪುನೀರು ಮತ್ತು ಸ್ಪ್ರೇ

ಎಲ್ಲರೂ ಶುರು ಮಾಡುವುದು ಇಲ್ಲಿಂದ, ಅರ್ಧಕ್ಕೇ ಕೈಬಿಡುವುದೂ ಇಲ್ಲೇ. ನಾನೂ ಬಿಟ್ಟಿದ್ದೆ. ಎರಡು ವಾರ ಹೊಡೆದುಕೊಂಡು "ಏನೂ ಆಗಲಿಲ್ಲ" ಅಂತ ಕಪಾಟಿಗೆ ಎಸೆದಿದ್ದೆ. ಆಮೇಲೆ ಗೊತ್ತಾಯಿತು, ತಪ್ಪು ಔಷಧಿಯದ್ದಲ್ಲ, ನನ್ನ ಕೈಯದ್ದು.

ಉಪ್ಪುನೀರು ಅಂದರೆ ಜಲನೇತಿಯ ತಮ್ಮ ಅಂದುಕೊಳ್ಳಿ. ಸುಮಾರು 240 ಎಂಎಲ್ ನೀರು, ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಮೆಡಿಕಲ್‌ನಲ್ಲಿ ಬಾಟಲಿ ಜೊತೆಗೇ ಪುಡಿ ಪೊಟ್ಟಣ ಸಿಗುತ್ತೆ, ಅದು ಇನ್ನೂ ಸುಲಭ. ಸಿಂಕಿನ ಮೇಲೆ ಬಗ್ಗಿ, ಬಾಯಲ್ಲಿ ಉಸಿರಾಡುತ್ತಾ ಒಂದು ಹೊಳ್ಳೆಗೆ ಒತ್ತಿದರೆ ಇನ್ನೊಂದರಲ್ಲಿ ಇಳಿಯುತ್ತೆ. ಮೊದಲ ದಿನ ಮುಳುಗಿದಂತೆ ಆಗುತ್ತೆ. ಮೂರನೇ ದಿನಕ್ಕೆ ರೂಢಿ.

ನೀರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಬೋರ್ ನೀರು, ನಲ್ಲಿ ನೀರು, ಟ್ಯಾಂಕರ್ ನೀರು ಯಾವುದೂ ನೇರವಾಗಿ ಮೂಗಿಗೆ ಬೇಡ. ಕೇರಳದಿಂದ ಸುದ್ದಿಯಾದ ಆ ಮೆದುಳು ತಿನ್ನುವ ಅಮೀಬಾ ಒಳಗೆ ಹೋಗುವ ದಾರಿಯೇ ಮೂಗು. ಅದೇ ನೀರು ಕುಡಿದರೆ ಆ ಕಾಯಿಲೆ ಬರಲ್ಲ, ಮೂಗಿಗೆ ಏರಿದರೆ ಬರಬಹುದು. ಅಪರೂಪ, ನಿಜ. ಆದರೆ ಬಂದರೆ ಉಳಿಯುವವರು ಕಡಿಮೆ. ತಡೆಯೋಕೆ ಬೇಕಿರೋದು ನೀರು ಕೊತಕೊತ ಕುದಿಸೋದು, ಒಂದು ನಿಮಿಷ ಹಾಗೇ ಬಿಡೋದು, ಆರಿಸೋದು, ಅಷ್ಟೇ. ಫಿಲ್ಟರ್ ನೀರನ್ನೂ ಕುದಿಸಿಯೇ ಬಳಸಿ. ನಮ್ಮ ಮನೆಯಲ್ಲಿ ರಾತ್ರಿ ಒಂದು ಸ್ಟೀಲ್ ತಂಬಿಗೆ ನೀರು ಕುದಿಸಿ ಮುಚ್ಚಿಡುತ್ತೇವೆ. ಮಕ್ಕಳು ಅದಕ್ಕೆ "ಅಪ್ಪನ ಮೂಗಿನ ತಂಬಿಗಿ" ಅಂತ ಹೆಸರಿಟ್ಟಿದ್ದಾರೆ.

ಇನ್ನು ಸ್ಪ್ರೇ. ಮೊಮೆಟಾಸೋನ್, ಫ್ಲೂಟಿಕಾಸೋನ್, ಬುಡೆಸೋನೈಡ್ – ಹೆಸರು ಬೇರೆ, ಎಲ್ಲವೂ ಸ್ಟೀರಾಯ್ಡೇ. ಸ್ಟೀರಾಯ್ಡ್ ಅಂದ ಕೂಡಲೇ ನಮ್ಮ ಕಡೆ ಜನ "ಕಿಡ್ನಿ ಹೋಗುತ್ತೆ" ಅಂತಾರೆ. ಮಾತ್ರೆಗೂ ಸ್ಪ್ರೇಗೂ ಇರುವ ಅಂತರ ಇಲ್ಲೇ ಇದೆ. ಮೊದಲೆರಡು ಔಷಧಿ ಮೂಗಿಗೆ ಹೊಡೆದಾಗ ರಕ್ತಕ್ಕೆ ಸೇರುವುದು ಶೇ. 2ಕ್ಕಿಂತ ಕಡಿಮೆ. ವರ್ಷಗಟ್ಟಲೆ ಬಳಸೋಕೆ ಅಂತಲೇ ಮಾಡಿದ್ದು. ಮೂಗು ಒಣಗುತ್ತೆ, ಆಗೊಮ್ಮೆ ಈಗೊಮ್ಮೆ ರಕ್ತದ ಎಳೆ ಬರುತ್ತೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ, 40 ಡಿಗ್ರಿ ದಾಟಿದಾಗ, ಇದು ಸ್ವಲ್ಪ ಜಾಸ್ತಿ. ಗ್ಲಾಕೋಮಾ ಅಥವಾ ಕಣ್ಣಿನ ಪೊರೆ ಇದ್ದವರು ಮೊದಲೇ ಹೇಳಬೇಕು.

ನಾನು ಮಾಡುತ್ತಿದ್ದ ತಪ್ಪು ಏನು ಅಂತೀರಾ? ತಲೆ ಹಿಂದಕ್ಕೆ ಎತ್ತಿ, ನೇರ ಮೇಲಕ್ಕೆ ಹೊಡೆದು, ಜೋರಾಗಿ ಎಳೆದುಕೊಳ್ಳುತ್ತಿದ್ದೆ. ಅರ್ಧ ಗಂಟಲಿಗೆ, ಇನ್ನರ್ಧ ನಡುಗೋಡೆಗೆ. ಬಾವು ಇರುವ ಜಾಗಕ್ಕೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಸರಿಯಾದ ರೀತಿ ಹೀಗೆ: ಮೊದಲು ಮೂಗು ತೊಳೆದು ಹತ್ತು ನಿಮಿಷ ಬಿಡಿ. ಕತ್ತು ಸ್ವಲ್ಪ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಅದೇ ಬದಿಯ ಕಿವಿ ಕಡೆ ತಿರುಗಿರಲಿ. ಮೆಲ್ಲಗೆ ಉಸಿರೆಳೆಯಿರಿ. ಗಂಟಲಲ್ಲಿ ಔಷಧಿಯ ರುಚಿ ಬಂದರೆ ಎಳೆದದ್ದು ಜಾಸ್ತಿ ಆಯಿತು ಅಂತ.

ಇಷ್ಟು ಸರಿಯಾಗಿ ಮಾಡಿ 8ರಿಂದ 12 ವಾರ ಕಾಯದೆ "ಸ್ಪ್ರೇ ಕೆಲಸ ಮಾಡಲಿಲ್ಲ" ಅನ್ನೋ ಹಾಗಿಲ್ಲ. ಸಣ್ಣ, ಮಧ್ಯಮ ದುರ್ಮಾಂಸ ಇದ್ದವರಲ್ಲಿ ಬಹಳ ಜನಕ್ಕೆ ಇಷ್ಟೇ ಸಾಕಾಗುತ್ತೆ. ಬಾಟಲಿಗೆ ಕೆಲವು ನೂರು ರೂಪಾಯಿ. ಜನೌಷಧಿ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ, ಸಿಕ್ಕರೆ ಇನ್ನೂ ಅಗ್ಗ.

ಇದೇ ಕಪಾಟಿನಲ್ಲಿ ಇರುವ ಇನ್ನೊಂದು ಬಾಟಲಿಗೆ ಮೋಸ ಹೋಗಬೇಡಿ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಡ್ರಾಪ್ಸ್ ಎರಡೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಐದು ದಿನ ದಾಟಿದರೆ ಅವೇ ಮೂಗು ಕಟ್ಟಿಸುತ್ತವೆ. ನಾನು ನಾಲ್ಕು ತಿಂಗಳು ಹಾಕಿದ್ದೆ. ಬಿಡಿಸಿಕೊಳ್ಳೋಕೆ ಪಟ್ಟ ಪಾಡು ಬೀಡಿ ಬಿಟ್ಟದ್ದಕ್ಕಿಂತ ಕಡಿಮೆಯೇನಲ್ಲ.

ಸ್ಟೀರಾಯ್ಡ್ ಮಾತ್ರೆ

ಪ್ರೆಡ್ನಿಸೊಲೋನ್ ಶುರು ಮಾಡಿದ ನಾಲ್ಕನೇ ದಿನ ಬೆಳಿಗ್ಗೆ ನನಗೆ ಒಗ್ಗರಣೆ ಸಾಸಿವೆಯ ವಾಸನೆ ಬಂತು. ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ. ಎರಡು ತಿಂಗಳಿಗೆ ಮತ್ತೆ ಹೋಯಿತು.

ಮಾತ್ರೆಯ ಗುಣವೇ ಅದು. ಒಂದೆರಡು ವಾರದ ಕೋರ್ಸು, ಬೇಗ ಕೆಲಸ, ಕೆಲವೇ ತಿಂಗಳಲ್ಲಿ ಮತ್ತೆ ಅಲ್ಲಿಗೇ. ಸಕ್ಕರೆ ಏರುತ್ತೆ, ಬಿಪಿ ಏರುತ್ತೆ, ನಿದ್ದೆ ಹಾರುತ್ತೆ, ಪದೇ ಪದೇ ತಗೊಂಡರೆ ಮೂಳೆ ಸವೆಯುತ್ತೆ. ವರ್ಷಕ್ಕೆ ಒಂದೆರಡು ಕೋರ್ಸಿಗಿಂತ ಹೆಚ್ಚು ಬೇಕಾಗುತ್ತಿದೆ ಅಂದರೆ ಆ ದಾರಿ ಮುಗಿಯಿತು, ಮುಂದಿನದ್ದು ಯೋಚಿಸಬೇಕು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ನಾವೆಲ್ಲ ನೋಡಿದ್ದೇವಲ್ಲ, ಹತೋಟಿ ಇಲ್ಲದ ಸಕ್ಕರೆ ಮತ್ತು ಸ್ಟೀರಾಯ್ಡ್ ಸೇರಿದರೆ ಏನಾಗುತ್ತೆ ಅಂತ. ಸಕ್ಕರೆ ಕಾಯಿಲೆ ಇದ್ದವರು ಹಳೆ ಚೀಟಿ ತೋರಿಸಿ ಅದೇ ಮಾತ್ರೆ ಮತ್ತೆ ತರೋದು ಬೇಡವೇ ಬೇಡ.

ಬರೀ ಆಂಟಿಬಯೋಟಿಕ್ ಬಗ್ಗೆ ಒಂದೇ ಸಾಲು: ಜ್ವರ, ಕೀವು ಇದ್ದರೆ ಅದು ಬೇಕಾಗಬಹುದು, ಆದರೆ ಅದರಿಂದ ದುರ್ಮಾಂಸ ಕರಗಲ್ಲ. ಸೆಟ್ರಿಜಿನ್ ಕೂಡ ಸೀನು ನಿಲ್ಲಿಸುತ್ತೆ, ದುರ್ಮಾಂಸಕ್ಕೆ ಏನೂ ಮಾಡಲ್ಲ.

ಆಪರೇಷನ್

ಹಿಂದೆ ತಂತಿ ಕುಣಿಕೆ ಹಾಕಿ, ಕಂಡ ದುರ್ಮಾಂಸವನ್ನಷ್ಟೇ ಎಳೆದು ತೆಗೆಯುತ್ತಿದ್ದರು. "ಆಪರೇಷನ್ ಮಾಡಿಸಿದರೆ ಮತ್ತೆ ಬರುತ್ತೆ" ಅನ್ನೋ ಊರ ಮಾತು ಹೆಚ್ಚಾಗಿ ಆ ಕಾಲದ್ದು. ಈಗ ಮಾಡುವುದು ದುರ್ಬೀನಿನ ಆಪರೇಷನ್, ಚೀಟಿಯಲ್ಲಿ ಎಫ್‌ಇಎಸ್‌ಎಸ್ ಅಂತ ಬರೆದಿರುತ್ತಾರೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಮೆಸರ್‌ಕ್ಲಿಂಗರ್ ಮತ್ತು ಸ್ಟಾಮ್‌ಬರ್ಗರ್ ಎಂಬ ಡಾಕ್ಟರುಗಳು ಬೆಳೆಸಿದ ವಿಧಾನ ಇದು. ಮುಖದ ಮೇಲೆ ಗಾಯ ಇಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಹೊಳ್ಳೆಯೊಳಗಿಂದಲೇ ದುರ್ಮಾಂಸ ತೆಗೆದು, ಸೈನಸ್ ಕೋಣೆಗಳ ಬಾಗಿಲು ಅಗಲ ಮಾಡುತ್ತಾರೆ.

ಬಾಗಿಲು ಅಗಲ ಮಾಡೋದೇ ಅಸಲು ಕೆಲಸ. ಮುಚ್ಚಿದ ಕೋಣೆಗೆ ಸ್ಪ್ರೇ ಹೋಗಲ್ಲ. ತೆರೆದ ಕೋಣೆಗೆ ಉಪ್ಪುನೀರು ಮೂಲೆ ಮೂಲೆಗೂ ಹೋಗುತ್ತೆ. ಆಪರೇಷನ್ ಆದವರಿಗೆ ಬುಡೆಸೋನೈಡ್ ದ್ರವವನ್ನು ಆ ನೀರಿಗೇ ಬೆರೆಸಿ ತೊಳೆಯಲು ಡಾಕ್ಟರು ಹೇಳುವುದೂ ಉಂಟು. ಆದ್ದರಿಂದ "ಆಪರೇಷನ್ ಆಯಿತು, ಇನ್ನು ಸ್ಪ್ರೇ ಬೇಡ" ಅನ್ನುವವರಿಗೆ ನಾನು ಆಪರೇಷನ್ನೇ ಬೇಡ ಅಂತೀನಿ. ದುಡ್ಡು ದಂಡ.

ಮತ್ತೆ ಬರುತ್ತಾ? ಬರಬಹುದು, ಮುಚ್ಚಿಡೋದು ಯಾಕೆ. ಬೆಲ್ಜಿಯಂನ ಗೆಂಟ್‌ನಲ್ಲಿ ಆಪರೇಷನ್ ಆಗಿ 12 ವರ್ಷದ ಮೇಲೆ 38 ಜನರನ್ನು ಮತ್ತೆ ನೋಡಿದರು. 30 ಮಂದಿಯಲ್ಲಿ ಪಾಲಿಪ್ ಮರಳಿತ್ತು. 14 ಮಂದಿ ಇನ್ನೊಮ್ಮೆ ಆಪರೇಷನ್ ಮಾಡಿಸಿಕೊಂಡಿದ್ದರು. ಆದರೂ ಅವರ ತೊಂದರೆ ಮೊದಲಿಗಿಂತ ಕಡಿಮೆಯೇ ಇತ್ತು. ಈ ಕೊನೆಯ ಸಾಲನ್ನು ಹೆದರಿಸುವವರು ಹೇಳುವುದಿಲ್ಲ. ಇನ್ನೊಂದು ಲೆಕ್ಕ 2022ರದ್ದು, ನೆದರ್ಲೆಂಡ್ಸ್‌ನದ್ದು. 200ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಜೊತೆ ಔಷಧಿ, ಇನ್ನೊಂದಕ್ಕೆ ಬರೀ ಔಷಧಿ ಕೊಟ್ಟರು. ವರ್ಷದ ಕೊನೆಗೆ ಆಪರೇಷನ್ ಗುಂಪು ಮುಂದಿತ್ತು, ಆದರೆ ಅಂತರ ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಅಂದರೆ ಆಪರೇಷನ್ ಮುಂದೆ ಹಾಕಿ ಔಷಧಿ ಸರಿಯಾಗಿ ಮಾಡುವವನು ದಡ್ಡನಲ್ಲ.

ಅಪಾಯದ ಮಾತು. ಕಣ್ಣಿಗೂ ಸೈನಸ್‌ಗೂ ನಡುವೆ ಇರುವ ಮೂಳೆಗೆ ವೈದ್ಯರ ಪುಸ್ತಕದಲ್ಲಿ ಇರುವ ಲ್ಯಾಟಿನ್ ಹೆಸರಿನ ಅರ್ಥವೇ ಕಾಗದದ ಹಾಳೆ ಅಂತ. ಅಷ್ಟು ತೆಳು. ಮೇಲ್ಗಡೆ ಮೆದುಳು. ದೊಡ್ಡ ಅವಘಡ ಅಪರೂಪ, ಆದರೂ ಸಿಟಿ ಸ್ಕ್ಯಾನ್ ಇಲ್ಲದೆ ಯಾರೂ ಕೈ ಹಾಕಬಾರದು. ಅದು ಅವರಿಗೆ ನಕ್ಷೆ. ಆಪರೇಷನ್ ಆದಮೇಲೆ ಒಂದೇ ಹೊಳ್ಳೆಯಿಂದ ನೀರಿನಂಥ ದ್ರವ ತೊಟ್ಟಿಕ್ಕಿದರೆ, ಕಣ್ಣು ಊದಿದರೆ, ದೃಷ್ಟಿ ಮಂಜಾದರೆ ಅವತ್ತೇ ಹೋಗಿ. ಮನೆಯಲ್ಲಿ ಒಂದೆರಡು ವಾರ ಭಾರ ಎತ್ತೋದು, ಬಗ್ಗೋದು, ಮೂಗು ಜೋರಾಗಿ ಸೀಟೋದು ಬೇಡ. ಮೂಟೆ ಹೊರುವ ಹಮಾಲರಿಗೆ ಇದು ಕೂಲಿಯ ಪ್ರಶ್ನೆ. ಸುಗ್ಗಿ ಮುಗಿದ ಮೇಲೆ ದಿನ ಗೊತ್ತು ಮಾಡಿಕೊಳ್ಳೋದು ಜಾಣತನ.

ಆಪರೇಷನ್ನೇ ಮೊದಲು ಅನ್ನುವ ಒಂದು ಬಗೆಯೂ ಇದೆ. ನಮ್ಮಂಥ ಬಿಸಿಲ ನಾಡಿನಲ್ಲಿ ಅದು ಅಪರೂಪವಲ್ಲ. ಅಲರ್ಜಿಯ ಫಂಗಸ್ ಸೈನಸ್. ಕೋಣೆಗಳ ತುಂಬ ಅರೆದ ಶೇಂಗಾದಂಥ ಅಂಟು ತುಂಬಿರುತ್ತೆ. ಅದು ಸ್ಪ್ರೇಗೆ ಜಗ್ಗಲ್ಲ, ಹೊರಗೆ ತೆಗೆಯಲೇಬೇಕು. ಫಂಗಸ್ ಅಂದ ಕೂಡಲೇ ಎದೆ ಹೊಡೆದುಕೊಳ್ಳಬೇಡಿ, ಇದು ಬ್ಲ್ಯಾಕ್ ಫಂಗಸ್ ಅಲ್ಲ.

ಹೊಸ ಇಂಜೆಕ್ಷನ್

ಡುಪಿಲುಮ್ಯಾಬ್, ಒಮಲಿಜುಮ್ಯಾಬ್, ಮೆಪೊಲಿಜುಮ್ಯಾಬ್. ಅಮೆರಿಕದಲ್ಲಿ ಈ ಕಾಯಿಲೆಗೆ 2019, 2020, 2021ರಲ್ಲಿ ಒಂದರ ಹಿಂದೆ ಒಂದು ಒಪ್ಪಿಗೆ ಪಡೆದವು. ಬಾವು ಹುಟ್ಟಿಸುವ ಸಂಕೇತಕ್ಕೇ ಇವು ಅಡ್ಡ ನಿಲ್ಲುತ್ತವೆ. ಅಂದರೆ ಬೇರಿಗೆ ಕೈ ಹಾಕುವ ಔಷಧಿ. ಚರ್ಮದ ಕೆಳಗೆ ಚುಚ್ಚುವುದು, ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ. ವಾಸನೆ ಮರಳುವ ವಿಷಯದಲ್ಲಿ ಡುಪಿಲುಮ್ಯಾಬ್ ಫಲಿತಾಂಶ ನಿಜಕ್ಕೂ ಚೆನ್ನಾಗಿದೆ.

ಹಾಗಿದ್ದರೆ ಎಲ್ಲರಿಗೂ ಇದೇ ಯಾಕಿಲ್ಲ? ವರ್ಷಕ್ಕೆ ಲಕ್ಷಗಳ ಲೆಕ್ಕ. ನಿಲ್ಲಿಸಿದರೆ ಬಾವು ಮರಳುತ್ತೆ. ಹಾಗಾಗಿ ಇದು ಆಪರೇಷನ್ ಆಗಿಯೂ ಮರಳಿ ಬಂದವರಿಗೆ, ಅದರಲ್ಲೂ ಜೊತೆಗೆ ಆಸ್ತಮಾ ಇರುವವರಿಗೆ, ಮಾತ್ರೆ ಬಿಡಲಾಗದವರಿಗೆ. ವಿಮೆ ಕೊಡುತ್ತಾ ಅಂತ ಬರಹದಲ್ಲಿ ಕೇಳಿಕೊಳ್ಳದೆ ಮೊದಲ ಸೂಜಿ ಹಾಕಿಸಿಕೊಳ್ಳಬೇಡಿ.

ಆಸ್ತಮಾ ಅಂದಮೇಲೆ ನೆನಪಾಯಿತು. ದುರ್ಮಾಂಸ, ಆಸ್ತಮಾ, ಜೊತೆಗೆ ನೋವಿನ ಮಾತ್ರೆ ತಗೊಂಡರೆ ಉಸಿರು ಕಟ್ಟೋದು – ಈ ಮೂರೂ ಒಬ್ಬರಲ್ಲೇ ಇರಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಂಥವರಿಗೆ ಜೀವಕ್ಕೇ ಕುತ್ತು. ಇವರಲ್ಲಿ ದುರ್ಮಾಂಸ ಮರಳುವುದೂ ಬೇಗ. ತಲೆನೋವು ಅಂತ ಅಂಗಡಿಯಲ್ಲಿ ಬಿಡಿ ಮಾತ್ರೆ ಕೇಳುವ ಚಾಳಿ ಇದ್ದರೆ ಡಾಕ್ಟರಿಗೆ ಹೇಳಿ.

ಗೋಡೆಬರಹ, ಎಣ್ಣೆ, ಹಬೆ

"ಮೂಲವ್ಯಾಧಿ, ಮೂಗಿನ ದುರ್ಮಾಂಸ – ಆಪರೇಷನ್ ಇಲ್ಲದೆ ಗ್ಯಾರಂಟಿ" ಅನ್ನೋ ಗೋಡೆಬರಹ ನೋಡಿರುತ್ತೀರಿ. ಅಂಥ ಕಡೆ ಹಾಕುವ ಸುಡುವ ಔಷಧಿ ಒಳಪೊರೆಯನ್ನೇ ಸುಟ್ಟು, ಹೊಳ್ಳೆ ಅಂಟಿಕೊಳ್ಳುವಂತೆ ಮಾಡಬಹುದು. ಹತ್ತಿರ ಸುಳಿಯಬೇಡಿ. ಹಬೆ ಹಿತ ಕೊಡುತ್ತೆ, ಅಷ್ಟೇ. ಆಯುರ್ವೇದದಲ್ಲಿ ಇದನ್ನು ನಾಸಾರ್ಶ ಅನ್ನುತ್ತಾರೆ, ನಸ್ಯ ಮಾಡಿಸುತ್ತಾರೆ. ನಮ್ಮ ಅತ್ತೆ ಹೇಳಿದರು ಅಂತ ನಾನೂ ಒಂದು ತಿಂಗಳು ಮೂಗಿಗೆ ಎಣ್ಣೆ ಹಾಕಿದೆ. ಒಣಗುವುದು ಕಡಿಮೆ ಆಯಿತು, ದುರ್ಮಾಂಸ ಇದ್ದಲ್ಲೇ ಇತ್ತು. ಮಾಡಿಸುವುದಿದ್ದರೆ ಓದಿದ ವೈದ್ಯರ ಹತ್ತಿರ ಮಾಡಿಸಿ, ಸ್ಪ್ರೇ ಮಾತ್ರ ನಿಲ್ಲಿಸಬೇಡಿ.

ಧೂಳು ಕೂಡ ಹೀಗೇ. ದಾಲ್ ಮಿಲ್ಲಿನ ಹೊಟ್ಟು, ಶಹಾಬಾದ್ ಕಲ್ಲಿನ ಪುಡಿ, ಸೇಡಂ ಕಡೆಯ ಸಿಮೆಂಟು, ಯಾದಗಿರಿಯ ಹತ್ತಿ ಜಿನ್ನಿಂಗ್ – ನಮ್ಮ ಕಡೆ ಮೂಗಿಗೆ ಬಿಡುವೇ ಇಲ್ಲ. ಮಾಸ್ಕ್ ಹಾಕಿ, ಕೆಲಸ ಮುಗಿದ ಮೇಲೆ ಮೂಗು ತೊಳೆಯಿರಿ. ಕೆರಳುವುದು ಕಡಿಮೆಯಾಗುತ್ತೆ, ಕಾಯಿಲೆ ವಾಸಿ ಆಗುವುದಿಲ್ಲ.

ನಾನಾದರೆ ಹೀಗೆ ಆರಿಸುತ್ತೇನೆ

ಮೂಗು ಅರ್ಧ ಕಟ್ಟಿದೆ, ವಾಸನೆ ಸ್ವಲ್ಪ ಇದೆ ಅನ್ನುವವರು ಮೂರು ತಿಂಗಳು ಉಪ್ಪುನೀರು, ಸ್ಪ್ರೇ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಹೋಗಿ, ಇಲ್ಲದಿದ್ದರೆ ಎಷ್ಟು ದಿನ ತಪ್ಪಿಸಿದಿರಿ ಅಂತ ನಿಮಗೇ ಗೊತ್ತಾಗಲ್ಲ. ಪೂರ್ತಿ ಕಟ್ಟಿ ಸ್ಪ್ರೇ ತುದಿಯೇ ಒಳಗೆ ಹೋಗದಿದ್ದರೆ ಡಾಕ್ಟರು ಒಂದು ಸಣ್ಣ ಕೋರ್ಸ್ ಮಾತ್ರೆ ಕೊಟ್ಟು ದಾರಿ ಮಾಡಬಹುದು. ಆಮೇಲೂ ಮೂರು ತಿಂಗಳಿಗೆ ಏನೂ ಬದಲಾಗದಿದ್ದರೆ ಸಿಟಿ ಮಾಡಿಸಿ ಆಪರೇಷನ್ ಮಾತಾಡಿ. ನಾನು ಬಂದ ದಾರಿ ಇದೇ. ಆಪರೇಷನ್ ಆಗಿ ಒಂದೂವರೆ ವರ್ಷ ಆಯಿತು. ಇಂಜೆಕ್ಷನ್ ಆಲೋಚನೆ ಅದೂ ಸೋತ ಮೇಲೆ.

ಇದಕ್ಕೆಲ್ಲ ಹೈದರಾಬಾದ್‌ಗೇ ಹೋಗಬೇಕು ಅಂತೇನಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬಸವೇಶ್ವರ, ಕೆಬಿಎನ್, ಇಎಸ್‌ಐ, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಈಗ ವೈದ್ಯಕೀಯ ಕಾಲೇಜಿದೆ. ಮಿಲ್ಲಿನಲ್ಲಿ ಇಎಸ್‌ಐ ಕಟ್ಟುತ್ತಿದ್ದರೆ ಮೊದಲು ಆ ಬಾಗಿಲು ತಟ್ಟಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಿಮ್ಮ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಅದರಡಿ ಆಗುತ್ತೆ, ರೆಫರ್ ಚೀಟಿ ಬೇಕಾ ಅಂತ ಆರೋಗ್ಯಮಿತ್ರ ಕೌಂಟರಿನಲ್ಲಿ ಮೊದಲೇ ಕೇಳಿ. ದಿನ ಗೊತ್ತಾದ ಮೇಲೆ ಕೇಳಿದರೆ ಓಡಾಟ ತಪ್ಪಲ್ಲ.

ಹೋಗುವಾಗ ಹಳೆ ಚೀಟಿ, ಸ್ಕ್ಯಾನ್ ಫಿಲ್ಮು, ಸಕ್ಕರೆ ರಿಪೋರ್ಟು, ಈಗ ಬಳಸುತ್ತಿರುವ ಸ್ಪ್ರೇ ಬಾಟಲಿ ಒಂದು ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರ ಮುಂದೆಯೇ ಒಂದು ಸಲ ಸ್ಪ್ರೇ ಹೊಡೆದು ತೋರಿಸಿ. ನನ್ನ ತಪ್ಪು ಸಿಕ್ಕಿಬಿದ್ದದ್ದು ಹಾಗೇ. ಅವರು ಏನೂ ಅನ್ನಲಿಲ್ಲ, ನನ್ನ ಕತ್ತನ್ನು ಎರಡು ಬೆರಳಿಂದ ಕೆಳಗೆ ಒತ್ತಿ, ಬಾಟಲಿಯನ್ನು ಆ ಕೈಯಿಂದ ಈ ಕೈಗೆ ಕೊಟ್ಟರು.